ಬಳ್ಳಾರಿ ಪಕ್ಕದಲ್ಲೇ ಇದೆ, ಹಾಡುವ ಕಲ್ಲಿನ ಗುಡ್ಡ!

ಬಂಡೆಗೆ ಬೆರಳುದ್ದದ ಕಲ್ಲು ತಾಗಿಸಿದರೆ ಜಾಗಟೆಯ ದನಿ ಹೊರಡುತ್ತದೆ ಎಂದರೆ ನಂಬುತ್ತೀರಾ? ಗುಡಿಯೊಳಗಿನ ಸಂಗೀತದ ಕಂಬದ ಮಾತಲ್ಲ ಇದು. ಶಿಲ್ಪಿಯೊಬ್ಬ ಕಡೆದು, ಉಜ್ಜಿ, ಶ್ರುತಿ ಕೂಡಿಸಿ ನಿಲ್ಲಿಸಿದ ಕಲ್ಲೂ ಅಲ್ಲ. ಗುಡ್ಡದ ನೆತ್ತಿಯ ಮೇಲೆ ಮಳೆ ಗಾಳಿ ಬಿಸಿಲಿಗೆ ಮೈಯೊಡ್ಡಿ ಬಿದ್ದಿರುವ ಕರಿ ಬಂಡೆ. ಆ ಬಂಡೆಗಳ ಮೈತುಂಬ ಎತ್ತುಗಳು! ಉದ್ದ ಕೊಂಬಿನ, ಎದ್ದ ಹಿಣಿಲಿನ ಎತ್ತುಗಳು. ಬಿಲ್ಲು ಹಿಡಿದ ಮನುಷ್ಯರು, ಕೈಕೈ ಹಿಡಿದು ಸಾಲಾಗಿ ಕುಣಿಯುವವರು, ಆನೆ, ಜಿಂಕೆ, ಹಕ್ಕಿ. ಕಬ್ಬಿಣ ಕಾಣದ ಕಾಲದ ಜನ ಕಲ್ಲಿನಿಂದ ಕಲ್ಲನ್ನು ಕುಟ್ಟಿ ಕುಟ್ಟಿ ಮೂಡಿಸಿದ ಚಿತ್ರಗಳು ಅವು. ಇದನ್ನು ನೋಡಲು ವಿಮಾನ ಹತ್ತಬೇಕಿಲ್ಲ. ಬಳ್ಳಾರಿ ನಗರದಿಂದ ಈಶಾನ್ಯಕ್ಕೆ, ಮೋಕಾ ರಸ್ತೆಯ ದಿಕ್ಕಿಗೆ ಆರೇಳು ಕಿಲೋಮೀಟರ್ ಹೋದರೆ ಸಾಕು. ಸಂಗನಕಲ್ಲು, ಕಪ್ಪಗಲ್ಲು ಊರುಗಳ ಮಗ್ಗುಲಲ್ಲಿ ಎದ್ದಿದೆ ಹಿರೇಗುಡ್ಡ.

ಹೋಗಬೇಕಾದ ಕಾಲ ಇದೇ. ಶಿವರಾತ್ರಿ ಕಳೆದು ಯುಗಾದಿ ಬರುವವರೆಗಿನ ಈ ಕೆಲವೇ ವಾರಗಳು.

ಈ ದಿನಗಳಲ್ಲಿ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಬೆನ್ನಿಗೆ ಬ್ಯಾಗು ಏರಿಸಿಕೊಂಡು ಉತ್ತರಾಖಂಡದ ರೈಲು ಹತ್ತುತ್ತಾರೆ. ಹಿಮ ಕರಗುವ ಮುಂಚೆ ಕೇದಾರಕಂಠದಂಥ ಶಿಖರದ ಬೆನ್ನಿನ ಮೇಲೆ ನಡೆದು ಬರುವ ಆಸೆ. ಅಲ್ಲಿ ಕರೆದೊಯ್ಯುವವರು ನಡುರಾತ್ರಿ ಕಳೆಯುತ್ತಲೇ ಎಬ್ಬಿಸುತ್ತಾರೆ. ರಾತ್ರಿಯ ಚಳಿಗೆ ಹಿಮ ಗಟ್ಟಿಯಾಗಿ ಕಾಲಿಗೆ ಆಸರೆ ಕೊಡುತ್ತದೆ. ಬಿಸಿಲೇರಿತೋ, ಅದೇ ಹಿಮ ಮೆತ್ತಗಾಗಿ ಮೊಣಕಾಲ ತನಕ ಹೂತುಹೋಗುತ್ತದೆ, ಇಳಿಜಾರಿನಲ್ಲಿ ಜಾರಿ ಕುಸಿಯುತ್ತದೆ. ವಸಂತದ ಹಿಮದ ಹಾದಿಯೆಂದರೆ ಸೂರ್ಯನೊಂದಿಗೆ ಪಂದ್ಯ. ಬಳ್ಳಾರಿಯಲ್ಲಿ ಹಿಮದ ಸುಳಿವೇ ಇಲ್ಲ. ಆದರೆ ಪಂದ್ಯ ಅದೇ! ಇಲ್ಲಿಯೂ ಕತ್ತಲಲ್ಲೇ ಏಳಬೇಕು, ಬೆಳಕು ಹರಿಯುವಾಗ ಗುಡ್ಡದ ಬುಡದಲ್ಲಿರಬೇಕು, ಸೂರ್ಯ ಮೇಲೇರುವಷ್ಟರಲ್ಲಿ ಇಳಿದುಬಿಡಬೇಕು. ಅಲ್ಲಿ ಕಾಲ ಕೆಳಗಿನ ನೆಲ ಕರಗುತ್ತದೆ, ಇಲ್ಲಿ ಕಾಲ ಕೆಳಗಿನ ನೆಲ ಕಾಯುತ್ತದೆ.

ಎಷ್ಟು ಕಾಯುತ್ತದೆ ಎಂಬುದು ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಮಾರ್ಚ್ ನಡುವಿಗೆ ಮಧ್ಯಾಹ್ನದ ಬಿಸಿಲು 36, 37 ಡಿಗ್ರಿ ಮುಟ್ಟಿರುತ್ತದೆ. ಏಪ್ರಿಲ್‌ನಲ್ಲಿ 40 ದಾಟುವ ದಿನಗಳು ಸಾಮಾನ್ಯ. ಅದು ನೆರಳಿನ ಲೆಕ್ಕ. ಗುಡ್ಡದ ಮೇಲೆ ನೆರಳು ಎಲ್ಲಿದೆ? ಬೋಳು ಗ್ರಾನೈಟು ಬೆಳಗ್ಗೆಯಿಂದ ಹೀರಿದ ಬಿಸಿಯನ್ನು ಸಂಜೆ ಎಂಟಕ್ಕೂ ಉಗುಳುತ್ತಿರುತ್ತದೆ. ಆದ್ದರಿಂದ ಸಂಜೆಯ ಹತ್ತುವಿಕೆಗಿಂತ ಬೆಳಗಿನದೇ ಲೇಸು. ರಾತ್ರಿಯಿಡೀ ಆರಿದ ಬಂಡೆ ನಸುಕಿನಲ್ಲಿ ಅಂಗೈಗೆ ತಂಪಾಗಿ ತಗಲುತ್ತದೆ. ಅದೇ ಬಂಡೆಯನ್ನು ಹತ್ತು ಗಂಟೆಗೆ ಮುಟ್ಟಿ ನೋಡಿ, ಕೈ ತಾನಾಗಿ ಹಿಂದಕ್ಕೆ ಬರುತ್ತದೆ.

ಹಾಗಿದ್ದರೆ ತಂಪಾದ ಡಿಸೆಂಬರ್ ಬಿಟ್ಟು ಈ ಕಾಲವೇ ಏಕೆ? ಕಾರಣ ಹುಲ್ಲು. ಮಳೆಗಾಲ ಮುಗಿದ ಮೇಲೂ ಈ ಗುಡ್ಡದ ಮೈಮೇಲೆ ಎದೆಯೆತ್ತರದ ಹುಲ್ಲು, ಪೊದೆ, ಬಂಡೆಗಳ ಸಂದಿಯಲ್ಲಿ ಏನಿದೆಯೆಂದು ತಿಳಿಯದ ಹಸಿರು. ಸಂಕ್ರಾಂತಿ ಕಳೆದು ಕುರಿಗಳು ಮೇಯ್ದು, ಎಲೆ ಉದುರಿ, ಹುಲ್ಲು ಒಣಗಿ ನೆಲಕ್ಕೆ ಒರಗುವ ಹೊತ್ತಿಗೆ ಗುಡ್ಡ ತನ್ನ ಮೂಳೆ ಮಾಂಸ ಎಲ್ಲವನ್ನೂ ತೆರೆದು ತೋರಿಸುತ್ತದೆ. ಯಾವ ಕಲ್ಲು ಎಲ್ಲಿಂದ ಉರುಳಿತು, ಕರಿಗಲ್ಲಿನ ಪಟ್ಟಿ ಎಲ್ಲಿ ಹೊರಟು ಎಲ್ಲಿ ಮುಳುಗಿತು, ಕೊಡಲಿ ಮಾಡುವವರು ಎಲ್ಲಿ ಕೂತು ಚಕ್ಕೆ ಎಬ್ಬಿಸಿದರು, ಎಲ್ಲ ಕಣ್ಣೆದುರಿಗೆ! ಸಸ್ಯದ ಮುಸುಕಿಲ್ಲದ, ಬಿಸಿಲು ಕೊಲ್ಲುವಷ್ಟು ಏರಿಲ್ಲದ ಈ ನಡುವಿನ ಸಂದಿ ವರ್ಷಕ್ಕೆ ಒಂದೇ ಸಲ ತೆರೆಯುತ್ತದೆ.

ಹತ್ತುವ ದಾರಿ ಎಂದು ಕಟ್ಟಿದ ಮೆಟ್ಟಿಲಿಲ್ಲ. ಕುರಿಗಳ ಕಾಲುದಾರಿಯೇ ದಾರಿ. ಬುಡದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಅಂಗಿ ಎಳೆಯುತ್ತದೆ. ಅದನ್ನು ದಾಟಿದರೆ ಪುಡಿಯಾದ ಗ್ರಾನೈಟಿನ ಗರಸು, ಒಣಹುಲ್ಲಿನ ಕೆಳಗೆ ಅಡಗಿದ ಉರುಟು ಕಲ್ಲು. ಇಡೀ ಚಾರಣದಲ್ಲಿ ಕಾಲು ಜಾರುವ ಜಾಗ ಇದೊಂದೇ. ಮೇಲಕ್ಕೆ ಹೋದಂತೆ ಗುಡ್ಡ ದೊಡ್ಡ ದೊಡ್ಡ ಗುಂಡುಗಳ ರಾಶಿಯಾಗುತ್ತದೆ. ಮನೆಗಾತ್ರದ ಗುಂಡೊಂದು ಮತ್ತೊಂದರ ಮೇಲೆ ಅಂಗೈಯಗಲದ ಆಸರೆಯಲ್ಲಿ ನಿಂತಿದೆ. ಬಿರುಕುಗಳಿಗೆ ಇಳಿದ ನೀರಿಗೆ ಕಲ್ಲು ಕೊಳೆತು ಸವೆದು, ಪದರ ಪದರವಾಗಿ ಸಿಪ್ಪೆ ಬಿಟ್ಟು ಉಳಿದ ತಿರುಳೇ ಈ ಗುಂಡುಗಳು. ಈ ನೆಲದ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ! ಆಗ ಭೂಮಿಯ ಮೇಲೆ ಹುಲ್ಲಿರಲಿಲ್ಲ, ಮೀನಿರಲಿಲ್ಲ, ಕಣ್ಣಿಗೆ ಕಾಣುವಂಥ ಜೀವವೇ ಇರಲಿಲ್ಲ.

ಆ ಕೆಂಬೂದಿ ಗುಂಡುಗಳ ನಡುವೆ, ಇದ್ದಕ್ಕಿದ್ದಂತೆ, ನೆಲ ಕಪ್ಪಾಗುತ್ತದೆ.

ಇದೇ ಹಿರೇಗುಡ್ಡದ ಬೆನ್ನು. ಗ್ರಾನೈಟು ಗಟ್ಟಿಯಾದ ಎಷ್ಟೋ ಕಾಲದ ಮೇಲೆ ಅದರಲ್ಲೊಂದು ಬಿರುಕು ಬಿಟ್ಟು, ಆ ಬಿರುಕಿಗೆ ಆಳದಿಂದ ಕುದಿಯುವ ಶಿಲಾರಸ ನುಗ್ಗಿ, ಅಲ್ಲೇ ಹೆಪ್ಪುಗಟ್ಟಿತು. ಭೂವಿಜ್ಞಾನಿಗಳು ಅದನ್ನು ಡೈಕ್ ಎನ್ನುತ್ತಾರೆ, ಆ ಕಲ್ಲು ಡೋಲರೈಟ್. ಕಾಳು ಸಣ್ಣದು, ಹೆಣಿಗೆ ಬಿಗಿ. ಸುತ್ತಲಿನ ಗ್ರಾನೈಟು ಉರುಟಾಗಿ ಸವೆದರೆ ಇದು ಮೂಲೆ ಮೂಲೆಯಾಗಿ, ಪೆಟ್ಟಿಗೆಗಳಂತೆ ಒಡೆದು ಗುಡ್ಡದ ನೆತ್ತಿಯುದ್ದಕ್ಕೂ ಸಾಲುಗಟ್ಟಿದೆ. ಆ ಸಾಲಿನ ಮೇಲೆ ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ನಡೆಯುವುದೇ ಇಲ್ಲಿನ ಚಾರಣ. ಕೆಲವು ಬಂಡೆ ಅಲುಗಾಡುತ್ತವೆ. ಭಾರ ಹಾಕುವ ಮೊದಲು ಒತ್ತಿ ನೋಡಬೇಕು. ಸಂದಿಗೆ ಕೈ ಹಾಕುವ ಮೊದಲು ಇಣುಕಿ ನೋಡಬೇಕು, ಹಾವು ಚೇಳು ತಂಪಿಗೆ ಅಲ್ಲೇ ಮಲಗಿರುತ್ತವೆ.

ಬೆಳಗಿನ ಆರೂವರೆ. ಸೂರ್ಯ ಹಗರಿ ಹೊಳೆಯ ಕಡೆಯಿಂದ ಮೇಲೆದ್ದು ಬೆಳಕು ಅಡ್ಡಡ್ಡಲಾಗಿ ಬಂಡೆಗಳನ್ನು ಸವರುವ ಆ ಗಳಿಗೆ! ಅಲ್ಲಿಯವರೆಗೆ ಬರಿ ಕಪ್ಪಾಗಿದ್ದ ಕಲ್ಲಿನ ಮೈಯಲ್ಲಿ ಒಂದು ಕೊಂಬು ಕಂಡಿತು. ಕೊಂಬಿನ ಬುಡಕ್ಕೆ ತಲೆ, ತಲೆಯ ಹಿಂದೆ ಹಿಣಿಲು, ಬೆನ್ನು, ಬಾಲ. ಒಂದು ಎತ್ತು ಕಂಡದ್ದೇ ತಡ, ಪಕ್ಕದಲ್ಲಿ ಇನ್ನೊಂದು, ಅದರ ಮೇಲೆ ಮತ್ತೊಂದು, ಆ ಬಂಡೆಯಲ್ಲಿ, ಈ ಬಂಡೆಯಲ್ಲಿ, ಕಾಲ ಕೆಳಗಿನ ಬಂಡೆಯಲ್ಲಿ! ನಾನು ಮಂಡಿಯೂರಿ ಕೂತು ಒಂದನ್ನೇ ಬಹಳ ಹೊತ್ತು ನೋಡಿದೆ. ಗೆರೆ ಎಳೆದದ್ದಲ್ಲ ಅದು. ಸಾವಿರ ಸಣ್ಣ ಚುಕ್ಕಿ. ಒಂದೊಂದು ಚುಕ್ಕಿಯೂ ಒಂದೊಂದು ಏಟು. ಬಂಡೆಯ ಹೊರಮೈ ಕಾಲಾನುಕಾಲದ ಬಿಸಿಲು ಮಳೆಗೆ ಕಡುಗಪ್ಪಾಗಿರುತ್ತದೆ. ಕುಟ್ಟಿದರೆ ಒಳಗಿನ ತಿಳಿ ಬಣ್ಣ ಹೊರಬರುತ್ತದೆ. ಆಮೇಲೆ ಆ ಗಾಯವೂ ನಿಧಾನಕ್ಕೆ ಕಪ್ಪಾಗುತ್ತಾ ಹೋಗುತ್ತದೆ. ಹೀಗಾಗಿ ಹಳೆಯ ಎತ್ತುಗಳು ಬಂಡೆಯಲ್ಲಿ ಕರಗಿಹೋದಂತಿವೆ, ಅವುಗಳ ಪಕ್ಕದಲ್ಲೇ ನಿನ್ನೆ ಮೊನ್ನೆ ಕುಟ್ಟಿದ ಓಂಕಾರ, ತ್ರಿಶೂಲ, ಪ್ರೇಮಿಗಳ ಹೆಸರು ಬೆಳ್ಳಗೆ ಕಣ್ಣಿಗೆ ರಾಚುತ್ತವೆ. ಬಣ್ಣ ನೋಡಿಯೇ ಯಾವುದು ಅಜ್ಜ, ಯಾವುದು ಮೊಮ್ಮಗ ಎಂದು ಅಂದಾಜು ಮಾಡಬಹುದು.

ಕೆಲವು ಚಿತ್ರಗಳಿರುವ ಜಾಗ ನೋಡಿದರೆ ಉಸಿರೇ ನಿಲ್ಲುತ್ತದೆ. ಚಾಚಿದ ಬಂಡೆಯ ಅಡಿಯಲ್ಲಿ, ನಿಲ್ಲಲು ನೆಲವಿಲ್ಲದ ಕಡೆ! ಅಲ್ಲಿ ಕುಟ್ಟಿದವನು ಮೇಲಿನಿಂದ ಜೋತುಬಿದ್ದೇ ಕುಟ್ಟಿರಬೇಕು ಎನ್ನುತ್ತಾರೆ ಇದನ್ನು ಅಧ್ಯಯನ ಮಾಡಿದವರು. ನಾಲ್ಕು ಜನ ಬಂದು ನೋಡಲಿ ಎಂದು ಮಾಡಿದ ಚಿತ್ರವಾಗಿದ್ದರೆ ಅಂಥ ಜಾಗವನ್ನು ಏಕೆ ಆರಿಸಿಕೊಳ್ಳುತ್ತಿದ್ದ? ನನಗನಿಸುವುದು, ಅವನಿಗೆ ಚಿತ್ರಕ್ಕಿಂತ ಕುಟ್ಟುವುದೇ ಮುಖ್ಯವಾಗಿತ್ತು. ಏಕೆಂದರೆ ಕುಟ್ಟಿದರೆ ಈ ಕಲ್ಲು ಮಾತಾಡುತ್ತದೆ.

ಅದನ್ನು ಕೇಳಿಸಿದವರು ಕುರಿ ಬಿಟ್ಟುಕೊಂಡು ಮೇಲೆ ಬಂದಿದ್ದ ಒಬ್ಬ ಹಿರಿಯರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು.

“ಹೊತ್ತೇರೋದ್ರಾಗ ಬಂದಿ, ಚಲೋ ಆತು ತಮ್ಮಾ. ಬಾ ಇಲ್ಲಿ, ಕೇಳು” ಎಂದು ಚಿತ್ರವಿಲ್ಲದ ಒಂದು ಬಂಡೆಯ ಬಳಿ ಕರೆದರು. ಆ ಬಂಡೆಯ ಅಂಚಿನಲ್ಲಿ ಅಂಗೈ ಕೂರುವಂಥ ನುಣುಪಾದ ತಗ್ಗು. ಪಕ್ಕದಲ್ಲಿದ್ದ ಸಣ್ಣ ಗ್ರಾನೈಟ್ ಕಲ್ಲನ್ನೆತ್ತಿ ಆ ತಗ್ಗಿಗೆ ಹಗುರಾಗಿ ತಾಗಿಸಿದರು.

ಠಂಯ್! ನನ್ನ ಎದೆಗೂಡಿನೊಳಗೆ ಕೇಳಿಸಿತು ಅದು. ಕುರಿಗಳು ತಲೆ ಎತ್ತಲೂ ಇಲ್ಲ, ಅವಕ್ಕೆ ರೂಢಿಯಿತ್ತು. ಪಕ್ಕದ ಬಂಡೆಗೆ ತಾಗಿಸಿದರೆ ಬೇರೆ ಸ್ವರ, ಅದರಾಚೆಯದಕ್ಕೆ ತಾಗಿಸಿದರೆ ಸತ್ತ ಕಲ್ಲಿನ ಡಬ್ ಎಂಬ ಸಪ್ಪಳ ಮಾತ್ರ.

“ಯಾವ ಕಲ್ಲು ಅಂತ ಹೆಂಗ ಗೊತ್ತಾಗ್ತತಿ ಅಜ್ಜಾ?”

“ತಗ್ಗು ನೋಡಬೇಕು. ನಮ್ಮಪ್ಪ ತೋರಿಸಿದ್ದ, ಅವಂಗ ಅವರಪ್ಪ ತೋರಿಸಿದ್ದ. ಜೋರು ಹೊಡಿಬಾರದು, ಕಲ್ಲಿಗೆ ನೋವಾಗ್ತತಿ.”

ಈ ಮಾತಿನ ಹಿಂದೆ ವಿಜ್ಞಾನವೂ ಇದೆ. ಕಾಳು ಕಾಳು ಬಿಗಿಯಾಗಿ ಹೆಣೆದುಕೊಂಡ, ಒಳಗೆ ಬಿರುಕಿಲ್ಲದ ಕಲ್ಲಿನಲ್ಲಿ ಕಂಪನ ಸಾಯದೆ ಸುತ್ತುತ್ತದೆ. ಆ ಕಲ್ಲು ನೆಲಕ್ಕೆ ಮೈಯಿಡೀ ಅಂಟದೆ ಎರಡು ಮೂರು ಬಿಂದುಗಳ ಮೇಲಷ್ಟೇ ಕೂತಿದ್ದರೆ ಕಂಪಿಸಲು ಅದಕ್ಕೆ ಬಿಡುಬೀಸು ಸಿಗುತ್ತದೆ. ಬಂಡೆ ಬಿರುಕು ಬಿಟ್ಟರೆ, ಅಲುಗಿ ಮಣ್ಣಿಗೆ ಹೂತರೆ, ಆ ದನಿ ಅವತ್ತಿಗೆ ಮುಗಿಯಿತು. ಕಲ್ಲಿಗೆ ನೋವಾಗುತ್ತದೆ ಎಂದ ಆ ಹಿರಿಯರು ಹೇಳಿದ್ದು ಅಕ್ಷರಶಃ ನಿಜ.

ಈ ತಗ್ಗುಗಳು ಒಂದಿಬ್ಬರ ಕೈಯಿಂದ ಆದವಲ್ಲ. ಎಷ್ಟು ತಲೆಮಾರು, ಎಷ್ಟು ಕೈ, ಎಷ್ಟು ಏಟು ಬಿದ್ದರೆ ಡೋಲರೈಟಿನಂಥ ಕಲ್ಲು ಹೀಗೆ ನುಣುಪಾಗಿ ಸವೆಯುತ್ತದೆ! ಹಾಡಿಗೋ, ಹಬ್ಬಕ್ಕೋ, ದೇವರನ್ನು ಎಬ್ಬಿಸಲಿಕ್ಕೋ, ದನ ಕಳೆದುಕೊಂಡವನು ಗೆಳೆಯನನ್ನು ಕರೆಯಲಿಕ್ಕೋ. ಬಳ್ಳಾರಿಯ ಮೊದಲ ವಾದ್ಯ ಈ ಗುಡ್ಡದ ನೆತ್ತಿಯ ಮೇಲಿದೆ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ.

ಇಂಥ ಗುಡ್ಡ ಎರಡು ಸಲ ಪತ್ತೆಯಾದ ಕಥೆಯೂ ಸೋಜಿಗದ್ದೇ. 1863ರಲ್ಲಿ ಮದ್ರಾಸಿನ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿ ಭಾರತದ ಇತಿಹಾಸವನ್ನೇ ಲಕ್ಷಾಂತರ ವರ್ಷ ಹಿಂದಕ್ಕೆ ತಳ್ಳಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಗುಡ್ಡಗಳನ್ನೂ ಅಲೆದ. ಕಪ್ಪಗಲ್ಲಿನ ಈ ಗುಡ್ಡದ ಮೇಲೆ ಕಲ್ಲುಕೊಡಲಿ ತಯಾರಿಸುವ ದೊಡ್ಡ ಕಾರ್ಖಾನೆಯೇ ಇತ್ತೆಂದು ಕಂಡುಕೊಂಡ. ಆತ ಬರೆದ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನದ ಗ್ರಂಥ 1895ರಲ್ಲಿ ಬಂತು. ಆಗಿನ ಇಂಗ್ಲಿಷರು ಇದನ್ನು ನವಿಲುಗುಡ್ಡ ಎಂಬರ್ಥದ ಹೆಸರಿನಿಂದ ಕರೆಯುತ್ತಿದ್ದರು; ನವಿಲುಗಳು ಈಗಲೂ ಬೆಳಗ್ಗೆ ಕೂಗುತ್ತವೆ. ಚಿತ್ರಗಳನ್ನು ಮೊದಲು ಗಮನಿಸಿದ್ದು ಹ್ಯೂಬರ್ಟ್ ನಾಕ್ಸ್, ಅವುಗಳ ಬಗ್ಗೆ ಬರೆದದ್ದು ಫ್ರೆಡ್ ಫಾಸೆಟ್, 1892ರಲ್ಲಿ. ಆಮೇಲೆ? ತೆಗೆದ ಫೋಟೋಗಳು ಮಸುಕಾದವು, ಹುಡುಕಿಕೊಂಡು ಬಂದವರಿಗೆ ಜಾಗ ತಿಳಿಯದಾಯಿತು. ಜಗತ್ತಿನ ಲೆಕ್ಕದಲ್ಲಿ ಈ ಚಿತ್ರಗಳು ಬಹುಕಾಲ ಕಾಣೆಯಾದಂತೆಯೇ ಇದ್ದವು! ಕುರಿ ಕಾಯುವವರಿಗೆ ಮಾತ್ರ ಒಂದು ದಿನವೂ ಕಾಣೆಯಾಗಿರಲಿಲ್ಲ.

ನಡುವೆ 1946ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಬಿ. ಸುಬ್ಬರಾವ್ ಪಕ್ಕದ ಸಣ್ಣ ಗುಡ್ಡದಲ್ಲಿ ಉತ್ಖನನ ಮಾಡಿದರು. ದಕ್ಷಿಣ ಭಾರತದ ನವಶಿಲಾಯುಗದ ಅಧ್ಯಯನಕ್ಕೆ ಅದು ಅಡಿಪಾಯ. ಹೊಸ ಶತಮಾನದ ಹೊಸ್ತಿಲಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್, ಇಂಗ್ಲೆಂಡಿನಿಂದ ಬಂದ ಡೋರಿಯನ್ ಫುಲ್ಲರ್ ಮತ್ತು ನಿಕೋಲ್ ಬೋಯಿವಿನ್ ಒಟ್ಟಾಗಿ ಈ ಗುಡ್ಡಗಳನ್ನು ಅಂಗುಲ ಅಂಗುಲ ಶೋಧಿಸಿದರು. 2004ರಲ್ಲಿ ಬೋಯಿವಿನ್ ಈ ಚಿತ್ರಗಳನ್ನೂ ದನಿಗಲ್ಲುಗಳನ್ನೂ ಒಟ್ಟಿಗೆ ಲೋಕದ ಮುಂದಿಟ್ಟಾಗ ಸುದ್ದಿ ಲಂಡನ್ನಿನವರೆಗೂ ಮುಟ್ಟಿತು.

ಫುಲ್ಲರ್ ತಂಡ ಮಣ್ಣನ್ನು ನೀರಿನಲ್ಲಿ ತೊಳೆದು ತೇಲಿ ಬಂದ ಸುಟ್ಟ ಕಾಳುಗಳನ್ನು ಹೆಕ್ಕಿತು. ಏನು ಸಿಕ್ಕಿತು ಗೊತ್ತೇ? ಹುರುಳಿ! ಹೆಸರು! ಕೊರಲೆ! ಗೋಧಿ ಬಾರ್ಲಿ ಅಪರೂಪ, ನಮ್ಮ ನೆಲದ ಕಾಳು ಕಿರುಧಾನ್ಯವೇ ಮುಖ್ಯ ಊಟ. ಇಂದು ಬಳ್ಳಾರಿಯ ಮನೆಯಲ್ಲಿ ಹುರುಳಿ ಸಾರು ಕುದಿಯುತ್ತದಲ್ಲ, ಆ ಒಲೆಗೆ ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಈ ಗುಡ್ಡದ ಮೇಲೆ ಕಿಡಿ ಹೊತ್ತಿತ್ತು. ಹುರುಳಿ ತಿಂದ ಅದೇ ಜನ ಕರಿಗಲ್ಲಿನ ಬೆನ್ನಿನಿಂದ ಚೂರು ಕಿತ್ತು, ಚಕ್ಕೆ ಎಬ್ಬಿಸಿ, ಗ್ರಾನೈಟ್ ಹಾಸಿನ ಮೇಲೆ ನೀರು ಚಿಮುಕಿಸಿ ಉಜ್ಜಿ ಉಜ್ಜಿ ಕೊಡಲಿ ಮಾಡಿದರು. ಹಾಗೆ ಉಜ್ಜಿದ ಕಾಲುವೆಯಂಥ ಗೆರೆಗಳಲ್ಲಿ ಬೆರಳಿಟ್ಟು ನೋಡಿ. ಸುತ್ತಲಿನ ಕಲ್ಲು ಒರಟು, ಗೆರೆಯ ಒಳಗೆ ಮಾತ್ರ ಗಾಜು!

ವಸಂತದಲ್ಲಿ ಇಲ್ಲಿಗೆ ಬರಬೇಕೆನ್ನಲು ನನಗೆ ಇನ್ನೊಂದು ಕಾರಣವಿದೆ, ಅದು ಬೂದಿಯದ್ದು. ಬಳ್ಳಾರಿಯಿಂದ ಹೊಸಪೇಟೆ ದಾರಿಯಲ್ಲಿ ಕುಡತಿನಿಯ ಹತ್ತಿರ ಒಂದು ದೊಡ್ಡ ಬೂದಿದಿಬ್ಬವಿದೆ. ಭೀಮ ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿ ಎಂದು ಹಳಬರ ನಂಬಿಕೆ. ಉತ್ತರದಲ್ಲಿ ಬೆಟ್ಟಗಳು ಹಿಮದಿಂದ ಬೆಳ್ಳಗಾದರೆ ನಮ್ಮ ಬಿಸಿಲಸೀಮೆಯಲ್ಲಿ ನೆಲವನ್ನು ಬೆಳ್ಳಗೆ ಮಾಡಿದ್ದು ಬೆಂಕಿ. 1843ರ ಹೊತ್ತಿಗೇ ಕ್ಯಾಪ್ಟನ್ ನ್ಯೂಬೋಲ್ಡ್ ಇಂಥ ದಿಬ್ಬಗಳ ಬಗ್ಗೆ ಬರೆದಿದ್ದ. ಜ್ವಾಲಾಮುಖಿಯೇ, ಲೋಹ ಕರಗಿಸಿದ ಕುಲುಮೆಯೇ, ಯುದ್ಧದಲ್ಲಿ ಸತ್ತವರ ಚಿತೆಯೇ ಎಂದು ನೂರು ವರ್ಷ ವಾದ ನಡೆಯಿತು. ಕೊನೆಗೆ ಸೂಕ್ಷ್ಮದರ್ಶಕದಡಿ ಬೂದಿ ತಾನೇ ಬಾಯಿಬಿಟ್ಟಿತು: ಸೆಗಣಿ! ದನದ ದೊಡ್ಡಿಗಳಲ್ಲಿ ಕಾಲದಿಂದ ಕಾಲಕ್ಕೆ ಕೂಡಿಟ್ಟ ಸೆಗಣಿಯನ್ನು ಬೆಂಕಿಯಿಟ್ಟು ಸುಟ್ಟಿದ್ದಾರೆ, ಕೆಲವೆಡೆ ಕರಗಿ ಗಾಜಿನಂಥ ಗಟ್ಟಿಯಾಗುವಷ್ಟು ಉರಿ. ಇಂಥದೇ ಬೂದಿದಿಬ್ಬವಿರುವ ಉತ್ನೂರಿನಲ್ಲಿ ಉತ್ಖನನ ಮಾಡಿದ ರೇಮಂಡ್ ಆಲ್ಚಿನ್ 1963ರ ತಮ್ಮ ಪುಸ್ತಕದಲ್ಲಿ, ದನಗಾಹಿಗಳು ಒಂದು ಮೇವಿನ ನೆಲದಿಂದ ಇನ್ನೊಂದಕ್ಕೆ ಹೊರಡುವ ಋತುಸಂಧಿಯಲ್ಲಿ ಹಚ್ಚಿದ ಹಬ್ಬದ ಬೆಂಕಿ ಇದಾಗಿರಬಹುದು ಎಂದರು. ಹೋಳಿಯ ಬೆಂಕಿಯನ್ನೂ ಸಂಕ್ರಾಂತಿಯಲ್ಲಿ ದನ ಕಿಚ್ಚು ಹಾಯಿಸುವುದನ್ನೂ ಅದರ ಜೊತೆಗಿಟ್ಟು ನೋಡಬೇಕೆಂಬುದು ಅವರ ದಾರಿ.

ಫಾಲ್ಗುಣದ ಹುಣ್ಣಿಮೆಯ ರಾತ್ರಿ ಬಳ್ಳಾರಿಯ ಓಣಿ ಓಣಿಯಲ್ಲಿ ಕಾಮಣ್ಣನನ್ನು ಸುಡುವಾಗ ನಾನು ಇದನ್ನು ನೆನೆಯದೆ ಇರಲಾರೆ. ಹುಡುಗರು ಕುಳ್ಳು ಕದ್ದು ತಂದು ರಾಶಿ ಹಾಕುತ್ತಾರೆ, ಹಲಗೆ ಬಡಿಯುತ್ತಾರೆ, ಬೆಳಗ್ಗೆ ಓಣಿಯ ನಡುವೆ ಬೆಚ್ಚಗಿನ ಬೂದಿ. ಸೆಗಣಿ, ಬೆಂಕಿ, ಬಡಿತದ ಸದ್ದು, ಋತು ತಿರುಗುವ ಹೊತ್ತು. ನಾಲ್ಕೂ ಹಿರೇಗುಡ್ಡದ ಸುತ್ತಲೂ ಇದ್ದವು.

ಗುಡ್ಡದ ನೆತ್ತಿಯಿಂದ ಸುತ್ತ ನೋಡಿದರೆ ಈ ಸೀಮೆಯ ಕಥೆಯೆಲ್ಲ ಹರಡಿಕೊಂಡಿದೆ. ನೈಋತ್ಯಕ್ಕೆ ಬಳ್ಳಾರಿ ಗುಡ್ಡ, ಹನುಮಪ್ಪ ನಾಯಕ ಕಟ್ಟಿಸಿದ ಮೇಲುಕೋಟೆ. ಪಕ್ಕದ ಕುಂಬಾರಗುಡ್ಡ ಕೋಟೆಗಿಂತ ಎತ್ತರವೆಂದು ಕಡೆಗೆ ತಿಳಿದಾಗ ಹೈದರಾಲಿ ಆ ಕೋಟೆಯನ್ನು ಬಲಪಡಿಸಿದ ತನ್ನ ಫ್ರೆಂಚ್ ಎಂಜಿನಿಯರನನ್ನು ಗಲ್ಲಿಗೇರಿಸಿದ ಎಂಬ ಮಾತನ್ನು ಊರಿನ ಮಕ್ಕಳೂ ಹೇಳುತ್ತಾರೆ. ದೂರದಲ್ಲಿ ಸಂಡೂರಿನ ಬೆಟ್ಟಸಾಲು. ವಾಯವ್ಯದ ಕಡೆ ಕುರುಗೋಡಿನ ಗುಡ್ಡಗಳು. 12ನೇ ಶತಮಾನದಲ್ಲಿ ಸಿಂದ ಮನೆತನದ ರಾಜಧಾನಿಯಾಗಿದ್ದ ಆ ಊರಿನಲ್ಲಿ ಗುಡ್ಡದ ಬುಡಕ್ಕೆ ಗುಡಿಗಳ ಸಾಲು, ಗುಡ್ಡದ ಮೇಲೆ ಕೋಟೆ, ದೊಡ್ಡಬಸವೇಶ್ವರನ ಗುಡಿಯಲ್ಲಿ ತಲೆಯೆತ್ತಿ ನೋಡಬೇಕಾದ ಬಸವ. ಹಿರೇಗುಡ್ಡದ ಎತ್ತು ನೋಡಿ ಬಂದ ಕಣ್ಣಿನಿಂದ ಅದೇ ವಾರ ಆ ಬಸವಣ್ಣನನ್ನೂ ನೋಡಿ. ಅಂಗೈಯಗಲ ಕುಟ್ಟಿದ ಎತ್ತು ಬೆಳೆದು ಬೆಳೆದು ದೇವರಾದ ದಾರಿ ತಾನಾಗಿ ತೆರೆಯುತ್ತದೆ!

ಸಿರುಗುಪ್ಪದ ಕಡೆ ಹೋದರೆ ತೆಕ್ಕಲಕೋಟೆ. 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಲ್ಲಿನ ಗುಡ್ಡದ ಮೇಲೆ ದುಂಡು ಗುಡಿಸಲುಗಳ ನೆಲಗಟ್ಟು ಅಗೆದು ತೆಗೆದರು. ಬಂಡೆಗಳನ್ನೇ ಗೋಡೆಯ ಆಸರೆ ಮಾಡಿಕೊಂಡು ಬಾಳಿದ ಜನ. ಅವರಲ್ಲಿ ಬಂಗಾರದ ಆಭರಣವೂ ಇತ್ತು! ಅದೇ ತಾಲ್ಲೂಕಿನ ನಿಟ್ಟೂರು, ಉಡೇಗೋಳದಲ್ಲಿ 1970ರ ದಶಕದಲ್ಲಿ ಅಶೋಕನ ಬಂಡೆಶಾಸನಗಳು ಸಿಕ್ಕವು. ದೇವಾನಾಂಪ್ರಿಯ ಎಂಬ ಬಿರುದಿನ ಜೊತೆ ಅಶೋಕ ಎಂಬ ಹೆಸರನ್ನೇ ಬರೆಸಿದ ಶಾಸನಗಳು ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು, ಅವುಗಳಲ್ಲಿ ಇವೆರಡೂ ಸೇರಿವೆ. ಭತ್ತದ ಗದ್ದೆಗಳ ನಡುವೆ ನಿಂತ ಒಂದು ಬಂಡೆಯಲ್ಲಿ ಮೌರ್ಯ ಚಕ್ರವರ್ತಿಯ ಹೆಸರು! ಅಲ್ಲಿ ಏರುವ ಗುಡ್ಡವಿಲ್ಲದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಮತ್ತೆ ಹಿರೇಗುಡ್ಡಕ್ಕೆ. ಎಂಟು ಗಂಟೆ ದಾಟುತ್ತಿದ್ದಂತೆ ಬಂಡೆಯ ಓತಿಗಳು ಹೊರಬಂದವು. ಈ ದಿನಗಳಲ್ಲಿ ಗಂಡು ಓತಿ ಮದುಮಗನ ಬಣ್ಣಕ್ಕೆ ತಿರುಗಲು ಶುರು ಮಾಡುತ್ತದೆ, ಮೇಲ್ಮೈಗೆ ಕೆಂಪು ಹಳದಿ ಏರುತ್ತದೆ, ಕೆಳಗೆ ಕಪ್ಪು. ಎತ್ತಿನ ಚಿತ್ರದ ಹಿಣಿಲಿನ ಮೇಲೆಯೇ ಒಂದು ಕೂತು ತಲೆ ಮೇಲೆ ಕೆಳಗೆ ಆಡಿಸುತ್ತಿತ್ತು. ಅಷ್ಟರಲ್ಲಿ ಚಿತ್ರ ಮಾಯ! ಸೂರ್ಯ ಮೇಲೇರಿ ನೆರಳು ಕರಗಿದೊಡನೆ ಚುಕ್ಕಿಗಳ ಆಳ ಕಾಣದಾಯಿತು. ಅದೇ ಬಂಡೆ, ಅದೇ ಜಾಗ, ಎದುರಿಗೇ ನಿಂತಿದ್ದೇನೆ, ಎತ್ತು ಇಲ್ಲ. ನಡುಹಗಲಿನಲ್ಲಿ ಬಂದು ಏನೂ ಇಲ್ಲವೆಂದು ಮರಳಿದವರು ಎಷ್ಟು ಮಂದಿಯೋ.

ಹೋಗುವವರಿಗೆ ಕೆಲವು ಮಾತು. ಹಿಡಿತವಿರುವ ಬೂಟು, ಉದ್ದ ಪ್ಯಾಂಟು ಬೇಕು. ತಲೆಗೊಂದು ಟವೆಲ್ಲೋ ಟೊಪ್ಪಿಗೆಯೋ ಇರಲಿ. ಒಬ್ಬೊಬ್ಬರಿಗೂ ಕನಿಷ್ಠ ಎರಡು ಲೀಟರ್ ನೀರು. ಗುಡ್ಡದ ದೊಣೆಗಳು ಈ ಕಾಲಕ್ಕೆ ಒಣಗಿರುತ್ತವೆ, ಉಳಿದ ಚೂರು ನೀರು ಕುರಿ ಹಕ್ಕಿಗಳದ್ದು. ಹೆಜ್ಜೇನಿನ ಹುಟ್ಟು ಕಂಡರೆ ಮಾತು ನಿಲ್ಲಿಸಿ ದೂರದಿಂದ ಸುತ್ತಿ ಹೋಗಿ, ಸುಗಂಧ ಹಚ್ಚಿಕೊಂಡು ಬರಬೇಡಿ. ಒಣಹುಲ್ಲಿಗೆ ಒಂದು ಬೀಡಿಯ ತುದಿ ಸಾಕು, ಇಡೀ ಗುಡ್ಡ ಹೊತ್ತಿಕೊಳ್ಳುತ್ತದೆ. ಉರಿ ತಗುಲಿದ ಬಂಡೆ ಚಕ್ಕೆ ಏಳುತ್ತದೆ, ಚಕ್ಕೆಯ ಜೊತೆ ಚಿತ್ರವೂ. ಯುಗಾದಿ ಕಳೆದು ಅಶ್ವಿನಿ, ಭರಣಿಯ ದಿನ ಬಂದರೆ ಮಧ್ಯಾಹ್ನದ ಮೇಲೆ ಇದ್ದಕ್ಕಿದ್ದಂತೆ ಮೋಡ ಕಟ್ಟಿ ಸಿಡಿಲು ಹೊಡೆಯುವುದುಂಟು, ಬೋಳು ನೆತ್ತಿಯ ಮೇಲೆ ಅಂಥ ಹೊತ್ತಿನಲ್ಲಿ ಒಬ್ಬರೂ ಇರಕೂಡದು. ಒಬ್ಬರೇ ಹೋಗಬೇಡಿ. ಊರಿನವರನ್ನು ಕೇಳಿ, ಗೊತ್ತಿರುವವರನ್ನು ಜೊತೆಗೆ ಕರೆದುಕೊಳ್ಳಿ, ಅವರ ಹೊತ್ತಿಗೆ ಬೆಲೆ ಕೊಡಿ. ಇಳಿದ ಮೇಲೆ ಒಗ್ಗರಣೆ ಮಿರ್ಚಿ ತಿಂದು, ಬಳ್ಳಾರಿಯಲ್ಲಿರುವ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿ. ಗುಡ್ಡ ನೋಡಿ ಬಂದವರಿಗೆ ಅಲ್ಲಿನ ಒಂದೊಂದು ಕೊಡಲಿಯೂ ಗುರುತು ಹಿಡಿದು ಮಾತಾಡಿಸುತ್ತದೆ.

ಇನ್ನೊಂದು ಮಾತನ್ನು ಸಂಕಟದಿಂದಲೇ ಬರೆಯಬೇಕಿದೆ. ಗ್ರಾನೈಟಿಗೆ ಬೆಲೆಯಿದೆ, ಜಲ್ಲಿಗೂ ಬೆಲೆಯಿದೆ. ಈ ಗುಡ್ಡಗಳ ಸುತ್ತಮುತ್ತ ಕಲ್ಲು ಒಡೆದ ಗಾಯಗಳು ಕಾಣುತ್ತವೆ. ಗಣಿಗಾರಿಕೆಯಿಂದ ಚಿತ್ರಗಳಿಗೆ ಅಪಾಯವಿದೆ ಎಂದು ಪುರಾತತ್ವಜ್ಞರು 2004ರಲ್ಲೇ ಎಚ್ಚರಿಸಿದ್ದರು. ಒಂದು ಸಿಡಿಮದ್ದು ಸಾಕು, ಆಸರೆ ತಪ್ಪಿ ಬಂಡೆ ಹೊರಳಿದರೆ ಅದರ ಚಿತ್ರವೂ ಹೋಯಿತು, ಹಾಡೂ ಹೋಯಿತು. ಇದನ್ನು ಮತ್ತೆ ಮಾಡಿಸಲು ಯಾವ ಸರಕಾರಕ್ಕೂ ಯಾವ ದುಡ್ಡಿಗೂ ಆಗದು. ಹಿರೇಗುಡ್ಡದ ಸುತ್ತ ಕಲ್ಲು ಒಡೆಯುವುದು ಪೂರ್ತಿ ನಿಲ್ಲಬೇಕು, ಹತ್ತಿರದ ಶಾಲೆಗಳ ಮಕ್ಕಳು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಬರಬೇಕು, ಕಾವಲಿಗೆ ಊರಿನವರನ್ನೇ ನೇಮಿಸಬೇಕು. ನನ್ನ ಬೇಡಿಕೆ ಇಷ್ಟೇ, ಇದರಲ್ಲಿ ಒಂದೂ ದುಬಾರಿಯದಲ್ಲ.

ನೀವು ಮಾಡಬೇಕಾದದ್ದು ಇನ್ನೂ ಕಡಿಮೆ. ಈ ಯುಗಾದಿಯೊಳಗೆ ಒಂದು ಬೆಳಗ್ಗೆ ಆರಕ್ಕೆ ಮುಂಚೆ ಸಂಗನಕಲ್ಲಿನಲ್ಲಿರಿ, ಮನೆಯ ಮಕ್ಕಳನ್ನೂ ಕರೆತನ್ನಿ. ಚಿತ್ರದ ಮೇಲೆ ಕಾಲಿಡಬೇಡಿ, ಸೀಮೆಸುಣ್ಣ ತೀಡಬೇಡಿ, ಹೆಸರು ಕೆತ್ತಬೇಡಿ. ಕಲ್ಲಿನ ದನಿ ಕೇಳಲೇಬೇಕೆನಿಸಿದರೆ ಊರಿನವರು ತೋರಿಸಿದ, ಚಿತ್ರವಿಲ್ಲದ ಬಂಡೆಗೆ ಒಮ್ಮೆ ಹಗುರಾಗಿ ತಾ‌ಗಿಸಿ, ಸಾಕು. ಒಂಬತ್ತರೊಳಗೆ ಇಳಿದುಬಿಡಿ.